ಪರರ ಮನೆಯಲ್ಲಿ ಬೆಳೆದ ಕೂಸು
(ವಿಮೋಚನಕಾಂಡ 2:1–10)

ಮೋಶೆಯ ತಾಯಿಯು ತನ್ನ ಮೂರು ತಿಂಗಳ ಕೂಸನ್ನು ಜೊಂಡಿನ ಪೆಟ್ಟಿಗೆಯಲ್ಲಿಟ್ಟು ನದಿಯಂಚಿನಲ್ಲಿ ಬಿಟ್ಟ ಸಂಗತಿಯನ್ನು ನೀವು ಬಲ್ಲಿರಿ. ಆಕೆಯು ಮಗು ಬೇಡವೆಂದು ಬಿಡಲಿಲ್ಲ, ಬದುಕಲೆಂದು ಬಿಟ್ಟಳು.

ಇಂಥಾ ತಾಯಂದಿರು ನಮ್ಮ ಕಾಲಕ್ಕೆ ಸಮೀಪದಲ್ಲಿಯೂ ಇದ್ದರು. 1938ನೇ ಇಸವಿಯ ನವೆಂಬರದಲ್ಲಿ ಜರ್ಮನಿ ರಾಜ್ಯದೊಳಗೆ ಯೆಹೂದ್ಯರ ಸಭಾಮಂದಿರಗಳು ಸುಡಲ್ಪಟ್ಟವು. ಸಾವಿರಾರು ಗಂಡಸರು ಸೆರೆಯಾದರು. ಆಗ ಇಂಗ್ಲೆಂಡಿನ ಸರಕಾರವು 17 ವರುಷದೊಳಗಿನ ಮಕ್ಕಳನ್ನು ತಂದೆತಾಯಿಗಳಿಲ್ಲದೆ ಬರಗೊಟ್ಟಿತು. ಡಿಸೆಂಬರ 2ರಂದು ಸುಮಾರು 200 ಮಕ್ಕಳಿದ್ದ ಮೊದಲನೆಯ ಹಡಗು ಹಾರಿಚ್ ಬಂದರವನ್ನು ಮುಟ್ಟಿತು. 1939ನೇ ಸಪ್ಟೆಂಬರದಲ್ಲಿ ಯುದ್ಧವು ಈ ದಾರಿಯನ್ನು ಮುಚ್ಚುವಷ್ಟರೊಳಗೆ ಹೆಚ್ಚುಕಡಿಮೆ 10,000 ಮಕ್ಕಳು ಬಂದರು. ಅವರಲ್ಲಿ ಅನೇಕರು ಹೆತ್ತವರ ಮುಖವನ್ನು ಮತ್ತೆ ಕಾಣಲೇ ಇಲ್ಲ.

ಬಾಗಲು ತೆರೆದದ್ದು ಒಳ್ಳೇದೇ. ಆದರೆ ಒಳಗೆ ಏನಾಯಿತು? ಕೆಲವರಿಗೆ ನಿಜವಾದ ಪ್ರೀತಿಯು ದೊರೆಯಿತು. ಡೋವರ್‌ಕೋರ್ಟ್ ಎಂಬ ಶಿಬಿರಕ್ಕೆ ಜನರು ಬಂದು ಮಕ್ಕಳನ್ನು ನೋಡಿ ಆರಿಸಿಕೊಂಡರು. ಚಿಕ್ಕವರು ಬೇಗ ಹೋದರು, ದೊಡ್ಡ ಹುಡುಗರು ಉಳಿದರು. ಕೆಲವು ಹುಡುಗಿಯರು ಮಕ್ಕಳಾಗಿ ಅಲ್ಲ, ಕೆಲಸದವರಾಗಿ ಇಡಲ್ಪಟ್ಟರು. ಕೆಲವು ಕ್ರೈಸ್ತ ಮನೆಗಳವರು, ಒಳ್ಳೇದನ್ನೇ ಮಾಡುತ್ತೇವೆಂದು ಎಣಿಸಿ, ಹೆತ್ತವರನ್ನು ಕೇಳದೆ ಮಕ್ಕಳನ್ನು ಅವರ ಪಿತೃಗಳ ಮತದಿಂದ ತಪ್ಪಿಸಿದರು. ಪ್ರಿಯರೇ, ಈ ಮಾತು ನಮಗೆ ಕಹಿಯಾಗಿದೆ, ಆದರೂ ನುಂಗತಕ್ಕದ್ದು. ದಿಕ್ಕಿಲ್ಲದ ಮಗುವಿಗೆ ಅನ್ನವನ್ನಿಕ್ಕಿ ಅದರ ಮನಸ್ಸಾಕ್ಷಿಯನ್ನು ಕ್ರಯಕ್ಕೆ ಕೊಳ್ಳುವದು ಸುವಾರ್ತೆಯಲ್ಲ.

ಫರೋಹನ ಮಗಳನ್ನು ನೋಡಿರಿ. ಆಕೆಯು ಸತ್ಯದೇವರನ್ನು ಅರಿಯದವಳು. ಆದರೂ ಅಳುವ ಕೂಸನ್ನು ಕಂಡು ಕನಿಕರಪಟ್ಟಳು. ಇಬ್ರಿಯರ ಮಗುವೆಂದು ತಿಳಿದೇ ಎತ್ತಿಕೊಂಡಳು. ಅಕ್ಕನ ಮಾತಿಗೆ ಒಪ್ಪಿ ಇಬ್ರಿಯ ಸ್ತ್ರೀಯ ಕೈಗೇ ಕೊಟ್ಟು ಸಂಬಳವನ್ನೂ ನೇಮಿಸಿದಳು. ಹೀಗೆ ಮೋಶೆಯು ಹೆತ್ತ ತಾಯಿಯ ಹಾಲನ್ನೇ ಕುಡಿದನು. ಅರಮನೆಯಲ್ಲಿ ಬೆಳೆದರೂ ತನ್ನ ಜನರು ಯಾರೆಂಬದನ್ನು ಮರೆಯಲಿಲ್ಲ.

1989ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿಯೂ ಇದಕ್ಕೆ ಹೋಲುವ ಮಾತುಗಳುಂಟು. ಒಂಟಿಯಾಗಿ ಬಂದ ನಿರಾಶ್ರಿತ ಮಗುವಿನ ಹೆತ್ತವರನ್ನು ಹುಡುಕಬೇಕು. ಅವರು ಸಿಕ್ಕದಿದ್ದರೆ ಮನೆಯಿಲ್ಲದ ಬೇರೆ ಯಾವ ಮಗುವಿಗಾದರೂ ಸಲ್ಲುವ ಪರಾಮರಿಕೆಯೇ ಅದಕ್ಕೂ ಸಲ್ಲಬೇಕು. ಅದರ ಮತವನ್ನೂ ಭಾಷೆಯನ್ನೂ ಲಕ್ಷ್ಯದಲ್ಲಿಡಬೇಕು. ಇದು ಭಿಕ್ಷವಲ್ಲ, ಮಗುವಿನ ಹಕ್ಕು.

ಆದದರಿಂದ ತಬ್ಬಲಿ ಮಗುವೊಂದು ನಿಮ್ಮ ಬಾಗಲಿಗೆ ಬಂದರೆ, ಗಂಜಿ ಕೊಟ್ಟದ್ದೇ ಸಾಕೆಂದು ಎಣಿಸಬೇಡಿರಿ. ನಿಮ್ಮ ಮಕ್ಕಳು ಉಣ್ಣುವ ಸಾಲಿನಲ್ಲಿ ಅದನ್ನು ಕೂಡ್ರಿಸಿರಿ. ಅವರು ಹೋಗುವ ಶಾಲೆಗೆ ಅದನ್ನೂ ಕಳುಹಿಸಿರಿ. ಅದರ ಹೆಸರನ್ನು ಕೇಳಿರಿ. ತಾಯಿಯಿಂದ ಕಲಿತ ಮಾತನ್ನು ಆಡಗೊಡಿರಿ. ಸುವಾರ್ತೆಯನ್ನು ಅದು ನಿಮ್ಮ ನಡತೆಯಲ್ಲಿ ಕಾಣಲಿ. ಶಿಶುವಾಗಿದ್ದಾಗ ರಾತ್ರಿಯಲ್ಲಿ ಐಗುಪ್ತಕ್ಕೆ ಒಯ್ಯಲ್ಪಟ್ಟ ನಮ್ಮ ಕರ್ತನು ಅಂಥಾ ಮಗುವಿನ ಸಂಗಡ ನಿಮ್ಮ ಹೊಸ್ತಿಲಲ್ಲಿ ನಿಂತಿದ್ದಾನೆ. ಆಮೆನ್.