ಕೇಳದವನಿಗೂ ಹೇಳಬೇಕೆ?

ಹಳೆಯ ಪೆಟ್ರೋಲ್ ಪಿಕಪ್ಪಿಗೆ ಡೀಸೆಲ್ ಎಂಜಿನ್ ಕೂರಿಸುವುದರಲ್ಲಿ ಧರ್ಮಾಧರ್ಮದ ಪ್ರಶ್ನೆ ಏನಿದೆ ಎಂದು ಯಾರಾದರೂ ಕೇಳಿದರೆ ಒಂದು ಕಾಲದಲ್ಲಿ ನಾನೂ ನಗುತ್ತಿದ್ದೆ. ಈಗ ನಗಲಾರೆ. ಅದಕ್ಕೆ ಕಾರಣವಾದದ್ದು ನಮ್ಮ ಮಾವನ ಗಾಡಿ.

ಮಾವನಿಗೆ ಮೀನಿನ ವ್ಯಾಪಾರ. ನಸುಕಿಗೆ ಮುಂಚೆ ಮಂಗಳೂರಿನ ದಕ್ಕೆಯಲ್ಲಿ ಬಂಗುಡೆ, ಬೂತಾಯಿ ತುಂಬಿಸಿಕೊಂಡು, ಮೇಲೆ ಐಸು ಸುರಿದು, ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆ ಕಡೆಗೆ ಹೋಗುತ್ತಿದ್ದರು. ಗಾಡಿ ಎಂದರೆ ಪೆಟ್ರೋಲ್ ಎಂಜಿನ್ನಿನ ಹಳೆಯ ಜೀಪು. ಹಿಂದಿನ ಭಾಗ ಕತ್ತರಿಸಿ ತೊಟ್ಟಿ ಕಟ್ಟಿಸಿ ಪಿಕಪ್ ಮಾಡಿದ್ದು. ಘಾಟಿ ಹತ್ತುವಾಗ ಅದು ಪೆಟ್ರೋಲನ್ನು ಕುಡಿಯುತ್ತಿರಲಿಲ್ಲ, ಸುರಿದುಕೊಳ್ಳುತ್ತಿತ್ತು. ಆಗ ಡೀಸೆಲ್ ಬೆಲೆ ಪೆಟ್ರೋಲಿನ ಅರ್ಧದ ಆಸುಪಾಸಿನಲ್ಲಿತ್ತು. ಸಾಲದ್ದಕ್ಕೆ ಅದೇ ಭಾರ ಹೊತ್ತು ಒಂದು ಲೀಟರಿಗೆ ಹೆಚ್ಚು ದೂರ ಓಡುತ್ತದೆ. ಅಂದಿನ ದಿನಗಳಲ್ಲಿ ಜೀಪಿಗೂ ಅಂಬಾಸಿಡರ್ ಕಾರಿಗೂ ಗುಜರಿಯಿಂದ ತಂದ ಡೀಸೆಲ್ ಎಂಜಿನ್ ಹಾಕಿಸುವುದು ನಮ್ಮೂರುಗಳಲ್ಲಿ ಸೀರೆಗೆ ಫಾಲ್ ಹಚ್ಚಿಸಿದಷ್ಟು ಸಾಮಾನ್ಯ ಸಂಗತಿ. 1997ರಲ್ಲಿ ಮಾವನೂ ಹಾಕಿಸಿದರು.

ಎಂಜಿನ್ ಬದಲಿಸುವುದೆಂದರೆ ಬಲ್ಬು ಬದಲಿಸಿದಂತಲ್ಲ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣಕ್ಕೆ ಪ್ಲಗ್ಗು ಕಿಡಿ ಹಚ್ಚುತ್ತದೆ. ಡೀಸೆಲಿಗೆ ಕಿಡಿ ಬೇಡ. ಒಳಗೆ ಬಂದ ಗಾಳಿಯನ್ನು ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಒತ್ತಿದರೆ ಆ ಶಾಖಕ್ಕೇ ಇಂಧನ ಹೊತ್ತಿಕೊಳ್ಳುತ್ತದೆ. ಇಷ್ಟು ಒತ್ತಡ ತಡೆಯಬೇಕಾದ್ದರಿಂದ ಅದರ ಮೈ ದಪ್ಪ, ತೂಕ ಹೆಚ್ಚು, ನಡುಕವೂ ಹೆಚ್ಚು. ಹಾಗಾಗಿ ಚಾಸಿಗೆ ಹೊಸ ಮೌಂಟಿಂಗ್ ಬೆಸೆಯಬೇಕು. ಹಳೆಯ ಗೇರ್‌ಬಾಕ್ಸಿಗೆ ಹೊಂದುವಂತೆ ನಡುವೆ ಒಂದು ಪ್ಲೇಟು ತಿರುಗಿಸಿ ಹಾಕಬೇಕು. ಕ್ಲಚ್ಚು, ರೇಡಿಯೇಟರು, ಬ್ಯಾಟರಿ ಎಲ್ಲವೂ ದೊಡ್ಡವಾಗಬೇಕು. ಪಂಪು ಬಳಸದೆ ಬಿಟ್ಟ ಡೀಸೆಲ್ ಹಿಂದಿರುಗಲು ಟ್ಯಾಂಕಿಗೆ ಇನ್ನೊಂದು ಪೈಪು ಬೇಕು. ಹಳೆಯ ಕಾಲದ ಡೀಸೆಲ್ ಎಂಜಿನ್ನು ಕೀ ತಿರುಗಿಸಿದರೆ ನಿಲ್ಲುವುದಿಲ್ಲ. ಇಂಧನ ತಡೆಯಲು ಬೇರೆ ಕೇಬಲ್ಲು ಎಳೆಯಬೇಕು. ಬ್ರೇಕಿಗೆ ಬೂಸ್ಟರ್ ಇರುವ ಗಾಡಿಯಾದರೆ ಇನ್ನೂ ಒಂದು ಸೂಕ್ಷ್ಮವಿದೆ. ಪೆಟ್ರೋಲ್ ಎಂಜಿನ್ನಿನ ಉಸಿರೆಳೆತದಿಂದಲೇ ಆ ಬೂಸ್ಟರಿಗೆ ಬೇಕಾದ ನಿರ್ವಾತ ಸಿಗುತ್ತದೆ, ಡೀಸೆಲಿನಲ್ಲಿ ಅದು ಸಿಗುವುದಿಲ್ಲ. ಪ್ರತ್ಯೇಕ ವ್ಯಾಕ್ಯೂಮ್ ಪಂಪ್ ಇಡದಿದ್ದರೆ ಪೆಡಲ್ ಕಲ್ಲಿನಂತಾಗುತ್ತದೆ. ಗಾಡಿ ಓಡುತ್ತದೆ, ಚೆನ್ನಾಗಿಯೇ ಓಡುತ್ತದೆ. ನಿಲ್ಲಿಸಬೇಕಾದಾಗ ಮಾತ್ರ ಗೊತ್ತಾಗುತ್ತದೆ.

ಮಾವನ ಗಾಡಿಗೆ ಬೂಸ್ಟರ್ ಇರಲಿಲ್ಲ. ಆದರೆ ಮುಂದಿನ ತೂಕ ಏರಿತ್ತು. ಕೆಲಸ ಮಾಡಿದ ಆಚಾರಿ ಮೇಸ್ತ್ರಿ ಓದಿದ್ದು ನಾಲ್ಕನೆಯ ಕ್ಲಾಸು. ಎಂಜಿನ್ನಿನ ಸದ್ದು ಕೇಳಿ ಯಾವ ಸಿಲಿಂಡರು ಸೋತಿದೆ ಎಂದು ಹೇಳುವವರು. ಗಾಡಿ ಸ್ಟಾರ್ಟ್ ಮಾಡಿ ತೋರಿಸಿದ ದಿನವೇ ಅವರು ಹೇಳಿದ್ದರು:

"ಬ್ಯಾರಿಗಳೇ, ಮುಂದಿನ ಸ್ಪ್ರಿಂಗಿಗೆ ಇನ್ನೊಂದು ಪಟ್ಟಿ ಹಾಕಿಸಿ. ಬ್ರೇಕೂ ಪೂರ್ತಿ ಬಿಚ್ಚಿ ನೋಡಬೇಕು. ಮೂರು ದಿನ ಬಿಟ್ಟು ಹೋಗಿ."

"ಮಳೆಗಾಲ ಕಳೆಯಲಿ ಆಚಾರ್ರೇ. ಈಗ ಕೈಯಲ್ಲಿ ಏನೂ ಇಲ್ಲ" ಎಂದರು ಮಾವ.

ಸುಳ್ಳಲ್ಲ, ಏನೂ ಇರಲಿಲ್ಲ. ನಾಲ್ಕು ಮಳೆಗಾಲ ಕಳೆದವು. ಪಟ್ಟಿ ಬೀಳಲಿಲ್ಲ. ಆರ್.ಸಿ. ಪುಸ್ತಕದಲ್ಲಿ ಗಾಡಿ ಪೆಟ್ರೋಲಿನದೇ ಆಗಿ ಉಳಿಯಿತು. 2001ರಲ್ಲಿ ಘಟ್ಟದ ಮೇಲಿನ ಒಬ್ಬ ಯುವಕನಿಗೆ ಅದನ್ನು ಮಾರಿದರು. ಕರಾರು ಪತ್ರ ಬರೆದವನು ನಾನು. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೊಬ್ಬನೇ ಅಲ್ಲವೆ? ಚಾಸಿ ನಂಬರು, ಎಂಜಿನ್ ನಂಬರು ಎರಡನ್ನೂ ಆರ್.ಸಿ. ನೋಡಿ ಇಳಿಸಿದೆ. ಆ ನಂಬರಿನ ಎಂಜಿನ್ನು ಗಾಡಿಯಲ್ಲಿಲ್ಲವೆಂದು ನನಗೆ ಗೊತ್ತಿತ್ತು. ಕೊನೆಗೆ "ಇದ್ದ ಸ್ಥಿತಿಯಲ್ಲಿ ನೋಡಿ ಒಪ್ಪಿ ಪಡೆದಿರುತ್ತೇನೆ" ಎಂಬ ಸಾಲನ್ನೂ ಸೇರಿಸಿದೆ. ಯುವಕ ಕೇಳಿದ್ದು ಒಂದೇ ಪ್ರಶ್ನೆ, ಲೀಟರಿಗೆ ಎಷ್ಟು ಕೊಡುತ್ತದೆ ಎಂದು. ಮಾವ ನಿಜವನ್ನೇ ಹೇಳಿದರು.

ಮೂರು ತಿಂಗಳಲ್ಲಿ ಅವನು ತಿರುಗಿ ಬಂದ. ಘಾಟಿಯ ತಿರುವೊಂದರಲ್ಲಿ ಮುಂದಿನ ಸ್ಪ್ರಿಂಗಿನ ಮುಖ್ಯ ಪಟ್ಟಿ ತುಂಡಾಗಿ ಗಾಡಿ ಗೋಡೆಗೆ ಬಡಿದಿತ್ತು. ಹಿಂದೆ ಕೂತಿದ್ದ ಕೂಲಿಯ ಹುಡುಗನೊಬ್ಬನ ಕಾಲು ಮುರಿದಿತ್ತು. ವಿಮೆಯವರು ಬಂದು ನೋಡಿ, ಕಾಗದದಲ್ಲಿರುವ ಎಂಜಿನ್ನೇ ಬೇರೆ, ಗಾಡಿಯಲ್ಲಿರುವುದೇ ಬೇರೆ ಎಂದು ದುರಸ್ತಿಯ ಹಣ ಕೊಡಲು ಒಪ್ಪಲಿಲ್ಲ. ಮಾವ ಕರಾರು ಪತ್ರ ತೋರಿಸಿದರು. "ನೀನು ಕೇಳಲಿಲ್ಲ ತಮ್ಮಾ. ಕೇಳಿದ್ದರೆ ಹೇಳುತ್ತಿದ್ದೆ" ಎಂದರು. ಆ ಯುವಕ ಜಗಳವಾಡದೆ ಹೋದ. ಸಂಜೆ ಮೇಸ್ತ್ರಿಯ ಶೆಡ್ಡಿನಲ್ಲಿ ಮಾವ ಇದನ್ನೇ ಇನ್ನೊಮ್ಮೆ ಹೇಳಿದಾಗ ಆಚಾರಿಯವರು ಕೈಯ ಗ್ರೀಸು ಒರೆಸಿಕೊಳ್ಳುತ್ತ ತುಳುವಿನಲ್ಲಿ ಹೇಳಿದ ಮಾತು ಇಷ್ಟೆ: "ಕೇಳಬೇಕಾದರೆ ಅವನಿಗೆ ಗೊತ್ತಿರಬೇಕಲ್ಲ, ಬ್ಯಾರಿಗಳೇ?"

ಆ ಮಾತಿಗೆ ಉತ್ತರ ಹುಡುಕುತ್ತ ನಾನು ಮೊದಲು ತಪ್ಪು ಬಾಗಿಲು ತಟ್ಟಿದೆ. ಎಂಜಿನ್ ಬದಲಾದ ಗಾಡಿ ಅದೇ ಗಾಡಿಯೋ, ಬೇರೆಯೋ? ತತ್ವಶಾಸ್ತ್ರದಲ್ಲಿ ಇದು ಹಳೆಯ ಪ್ರಶ್ನೆ. ಅಥೆನ್ಸಿನವರು ವೀರ ಥೀಸಿಯಸನ ಹಡಗನ್ನು ಕಾಪಾಡುತ್ತ, ಕೊಳೆತ ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತ ಬಂದರೆಂದೂ, ಅದು ಅದೇ ಹಡಗೇ ಎಂದು ಪಂಡಿತರು ವಾದಿಸುತ್ತಿದ್ದರೆಂದೂ ಪ್ಲುಟಾರ್ಕ್ ಬರೆದಿದ್ದಾನೆ. ಹದಿನೇಳನೆಯ ಶತಮಾನದಲ್ಲಿ ಥಾಮಸ್ ಹಾಬ್ಸ್, ತೆಗೆದ ಹಳೆಯ ಹಲಗೆಗಳನ್ನೆಲ್ಲ ಕೂಡಿಸಿ ಇನ್ನೊಂದು ಹಡಗು ಕಟ್ಟಿದರೆ ನಿಜವಾದದ್ದು ಯಾವುದು ಎಂದು ಕೇಳಿ ಗಂಟನ್ನು ಇನ್ನಷ್ಟು ಬಿಗಿದ. ನಮ್ಮ ನೆಲದಲ್ಲೂ ಇದರ ಮಾತಿದೆ. ಪಾಲಿ ಭಾಷೆಯ ಮಿಲಿಂದಪನ್ಹದಲ್ಲಿ ಭಿಕ್ಷು ನಾಗಸೇನ, ರಥದಲ್ಲಿ ಬಂದ ದೊರೆ ಮಿಲಿಂದನನ್ನು ಅಚ್ಚು ರಥವೇ, ಚಕ್ರ ರಥವೇ, ನೊಗ ರಥವೇ ಎಂದು ಒಂದೊಂದಾಗಿ ಕೇಳುತ್ತಾನೆ. ರಥ ಎಂಬುದು ಇವೆಲ್ಲ ಕೂಡಿದಾಗ ನಾವಿಟ್ಟುಕೊಂಡ ಒಂದು ಹೆಸರು ಎಂಬಲ್ಲಿಗೆ ಮಾತು ತಲುಪುತ್ತದೆ.

ಸೊಗಸಾದ ಚರ್ಚೆಗಳು. ಆದರೆ ಕಾಲು ಮುರಿದ ಹುಡುಗನಿಗೆ ಇವುಗಳಿಂದ ಏನೂ ಆಗಬೇಕಿಲ್ಲ. ಗಾಡಿ ಅದೇ ಆಗಿರಲಿ, ಬೇರೆಯೇ ಆಗಿರಲಿ, ಅದರ ಬಗ್ಗೆ ಒಬ್ಬನಿಗೆ ಗೊತ್ತಿದ್ದು ಇನ್ನೊಬ್ಬನಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ತಕರಾರು ಇರುವುದು ಅಲ್ಲಿ.

ಈ ವಿಷಯದಲ್ಲಿ ಕಾನೂನು ನಾವು ಅಂದುಕೊಂಡದ್ದಕ್ಕಿಂತ ಸ್ಪಷ್ಟವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್, ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ ಇದನ್ನು ಗಟ್ಟಿಯಾಗಿಯೇ ಹೇಳಿದೆ. ನಮ್ಮ ಗ್ಯಾರೇಜುಗಳಲ್ಲಿ ಈ ಸೆಕ್ಷನ್ನಿನ ಹೆಸರು ಕೇಳಿದವರು ಅಪರೂಪ. ಕೇಳಿದ್ದರೂ ಆರ್.ಟಿ.ಓ. ಕಚೇರಿಯ ಅಲೆದಾಟಕ್ಕೆ ಹೆದರಿ ಸುಮ್ಮನಿರುತ್ತಾರೆ. ಬಡವನಿಗೆ ಕಾನೂನು ಅವನ ರಕ್ಷಣೆಗಿರುವ ಬೇಲಿಯಂತೆ ಕಾಣುವುದೇ ಇಲ್ಲ, ಅವನ ದಾರಿಗೆ ಅಡ್ಡ ಹಾಕಿದ ಗೇಟಿನಂತೆ ಕಾಣುತ್ತದೆ. ಅದರಲ್ಲಿ ಅವನ ತಪ್ಪೊಂದೇ ಇದೆ ಎಂದು ನಾನು ಹೇಳಲಾರೆ.

ಕಾನೂನನ್ನು ಬದಿಗಿಟ್ಟು ನೋಡೋಣ. ಪ್ರವಾದಿ ಮುಹಮ್ಮದ್(ಸ) ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಕೈ ತೂರಿಸಿದಾಗ ಒಳಗೆ ಒದ್ದೆ ತಗುಲಿದ ಪ್ರಸಂಗ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಮಳೆ ಬಿದ್ದು ನೆನೆಯಿತು ಎಂದ ವ್ಯಾಪಾರಿಗೆ ಪ್ರವಾದಿಯವರು, ಹಾಗಿದ್ದರೆ ಜನರ ಕಣ್ಣಿಗೆ ಕಾಣುವಂತೆ ಅದನ್ನು ಮೇಲೆ ಇಡಬಾರದಿತ್ತೆ ಎಂದು ಕೇಳಿದರು. ಗಮನಿಸಿ, ಆ ವ್ಯಾಪಾರಿ ಸುಳ್ಳು ಹೇಳಿರಲಿಲ್ಲ. ಮಳೆ ಸುರಿಸಿದವನೂ ಅವನಲ್ಲ. ಯಾವ ಗಿರಾಕಿಯೂ ಒಳಗೆ ಒದ್ದೆಯಿದೆಯೇ ಎಂದು ಕೇಳಿರಲೂ ಇಲ್ಲ. ಆದರೂ ಅದು ವಂಚನೆಯೇ ಆಯಿತು. ಈ ಪ್ರಸಂಗವನ್ನು ನಾವು ಅಳತೆ ತೂಕದ ಮೋಸಕ್ಕೆ ಸೇರಿಸಿ ಮರೆತುಬಿಡುತ್ತೇವೆ. ಅಲ್ಲಿರುವುದು ತೂಕದ ಮಾತಲ್ಲ, ಮೌನದ ಮಾತು.

ಫಿಕ್ಹ್ ಗ್ರಂಥಗಳು ಇದನ್ನೇ ಇನ್ನಷ್ಟು ಬಿಡಿಸಿ ನೋಡಿವೆ. ಮುಚ್ಚಿಟ್ಟ ದೋಷ ಗೊತ್ತಾದಾಗ ಕೊಂಡವನು ವಸ್ತುವನ್ನು ಹಿಂದಿರುಗಿಸಬಹುದು. ಈ ಹಕ್ಕಿಗೆ ಖಿಯಾರುಲ್ ಐಬ್ ಎನ್ನುತ್ತಾರೆ. ಹಾಗಾದರೆ ನಾನು ಬರೆದ "ಇದ್ದ ಸ್ಥಿತಿಯಲ್ಲಿ" ಎಂಬ ಸಾಲಿಗೆ ಬೆಲೆಯಿಲ್ಲವೆ? ಹನಫಿ ಪಂಥದಲ್ಲಿ ಇಂಥ ಷರತ್ತಿಗೆ ಸಾಕಷ್ಟು ಅವಕಾಶವಿದೆ. ನಮ್ಮ ಕರಾವಳಿಯ ಬ್ಯಾರಿಗಳು ಅನುಸರಿಸುವ ಶಾಫಿಈ ಪಂಥ ಇಲ್ಲಿ ಹೆಚ್ಚು ಬಿಗಿ. ಪ್ರಾಣಿಯನ್ನು ಮಾರುವಾಗ, ಅದರ ಒಳಗಿರುವ, ಮಾರುವವನಿಗೂ ತಿಳಿಯದ ದೋಷಕ್ಕೆ ಮಾತ್ರ ಆ ಷರತ್ತು ರಕ್ಷಣೆ ಕೊಡುತ್ತದೆ ಎಂಬುದು ಅದರ ಪ್ರಬಲ ಅಭಿಪ್ರಾಯ. ಪ್ರಾಣಿಯ ಒಳಗಿನ ರೋಗ ಯಾರಿಗೆ ತಾನೆ ಕಾಣುತ್ತದೆ? ಹಳೆಯ ಎಂಜಿನ್ನೂ ಹಸುವಿನ ಹಾಗೆಯೇ ಎಂದು ಯಾರಾದರೂ ವಾದಿಸಿದರೆ ನಾನು ಅರ್ಧ ಒಪ್ಪಿಯೇನು. ಆದರೆ ಮಾವನಿಗೆ ದೋಷ ಗೊತ್ತಿತ್ತು. ನನಗೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಷರತ್ತಿನ ಚಾಪೆಯ ಅಡಿಗೆ ಸರಿಸಲು ಅಲ್ಲಿ ಜಾಗವಿಲ್ಲ.

ಬಟ್ಟೆ ವ್ಯಾಪಾರಿಯಾಗಿದ್ದ ಇಮಾಮ್ ಅಬೂ ಹನೀಫಾರ ಬಗ್ಗೆ ಒಂದು ಕಥೆ ಹೇಳುತ್ತಾರೆ. ದೋಷವಿದ್ದ ಬಟ್ಟೆಯೊಂದನ್ನು ಪಾಲುದಾರನಿಗೆ ಕೊಟ್ಟು, ತಿಳಿಸಿಯೇ ಮಾರು ಎಂದಿದ್ದರಂತೆ. ಪಾಲುದಾರ ಮರೆತು ಹಾಗೆಯೇ ಮಾರಿದ. ಕೊಂಡವನು ಯಾರೆಂದು ಪತ್ತೆಯಾಗದಾಗ ಇಮಾಮರು ಬಂದ ಹಣವನ್ನೆಲ್ಲ ದಾನ ಮಾಡಿಬಿಟ್ಟರಂತೆ. ನನ್ನನ್ನು ಕಾಡುವುದು ಆ ದಾನವಲ್ಲ. ಕೊಂಡವನನ್ನು ಹುಡುಕಿಕೊಂಡು ಹೋಗಬೇಕು ಎಂದು ಅವರಿಗೆ ಅನಿಸಿತಲ್ಲ, ಅದು.

ಮಾವನ ಪರವಾಗಿಯೂ ಹೇಳಬೇಕಾದದ್ದಿದೆ. ಹಳೆಯ ಗಾಡಿಗೆ ಇನ್ನೊಂದು ಆಯುಸ್ಸು ಕೊಡುವುದು ದುಂದಲ್ಲ. ಓಡುವ ಚಾಸಿಯನ್ನು ಗುಜರಿಗೆ ಹಾಕಿ ಸಾಲ ಮಾಡಿ ಹೊಸದನ್ನು ತರುವುದೇ ಮರ್ಯಾದೆ ಎಂಬ ಈಗಿನ ರೀತಿಗಿಂತ ಅದು ಎಷ್ಟೋ ಮೇಲು. ಆಚಾರಿಯವರಂಥವರ, ನಮ್ಮ ಕೇರಿಗಳ ಗುಜರಿ ಮತ್ತು ಗ್ಯಾರೇಜು ಹುಡುಗರ ಕೈಯಲ್ಲಿರುವ ವಿದ್ಯೆಗೆ ಸರ್ಟಿಫಿಕೇಟು ಇಲ್ಲ, ಆದರೆ ಅದು ವಿದ್ಯೆಯೇ. 2006ರ ಸಾಚಾರ್ ಸಮಿತಿ ವರದಿಯೂ ಮುಸ್ಲಿಮರಲ್ಲಿ ಸಂಬಳದ ನೌಕರಿಗಿಂತ ಸ್ವಂತ ದುಡಿಮೆಯನ್ನೇ ನೆಚ್ಚಿದವರು ಹೆಚ್ಚು ಎಂದು ತೋರಿಸಿದೆ. ಇಂಥ ದುಡಿಮೆಗೆ ಬಂಡವಾಳವೆಂದರೆ ಬಾಯಿ ಮಾತಿನ ನಂಬಿಕೆ. ಆದ್ದರಿಂದಲೇ ಅಲ್ಲಿ ಮೌನ ಹೆಚ್ಚು ದುಬಾರಿ ಎಂದು ನನ್ನ ಅನಿಸಿಕೆ.

ಇನ್ನೂ ಒಂದು ಮಾತಿದೆ. ಕೊಂಡವನಿಗಾದರೂ ಕೇಳುವ ಅವಕಾಶವಿತ್ತು. ಘಾಟಿಯಲ್ಲಿ ಆ ಗಾಡಿಯ ಹಿಂದೆ ಕಪ್ಪು ಹೊಗೆ ಕುಡಿಯುತ್ತ ಸೈಕಲ್ ತುಳಿದವನಿಗೆ, ರಸ್ತೆ ಬದಿಯ ಶಾಲೆಯ ಮಕ್ಕಳಿಗೆ ಆ ಅವಕಾಶವೂ ಇರಲಿಲ್ಲ. ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಖಚಿತವಾಗಿ ಪಟ್ಟಿ ಮಾಡಿತು. ನಾವು ಎಂಜಿನ್ ಹಾಕಿಸಿದ ಕಾಲಕ್ಕೆ ನಮಗದು ತಿಳಿಯದು ಎಂಬುದು ನಿಜ. ಹೊಗೆ ಕಪ್ಪಗಿದೆ, ಕೆಮ್ಮು ಬರುತ್ತದೆ ಎಂಬುದಂತೂ ತಿಳಿದಿತ್ತು. ಮಾವ ಉಳಿಸಿದ ದುಡ್ಡಿನಲ್ಲಿ ಸ್ವಲ್ಪ ಭಾಗ ಆ ಮಕ್ಕಳ ಎದೆಯಿಂದ ಬಂದದ್ದು ಎಂದು ಹೇಳಿದರೆ ಅತಿಯಾಯಿತೇ? ನನಗಂತೂ ಹಾಗೆ ಅನಿಸುವುದಿಲ್ಲ. ಡೀಸೆಲನ್ನು ಅಷ್ಟು ಅಗ್ಗ ಮಾಡಿ ಇಟ್ಟದ್ದು ಸರಕಾರ. 2014ರ ಅಕ್ಟೋಬರಿನಲ್ಲಿ ಆ ನಿಯಂತ್ರಣ ಹೋಯಿತು. 2020ರ ಜೂನಿನಲ್ಲಿ ದೆಹಲಿಯಲ್ಲಿ ಡೀಸೆಲ್ ಬೆಲೆ ಪೆಟ್ರೋಲನ್ನೂ ಮೀರಿತು. ಆ ಲೆಕ್ಕಾಚಾರದ ಮೇಲೆ ಎಂಜಿನ್ ಬದಲಿಸಿದವರೆಲ್ಲ ಎಲ್ಲಿದ್ದಾರೋ.

ಮಾವ 2009ರಲ್ಲಿ ಹಜ್ಜಿಗೆ ಹೊರಟರು. ಹೊರಡುವ ಮುಂಚೆ ಬಾಕಿ ತೀರಿಸಿ, ನೊಂದವರ ಬಳಿ ಕ್ಷಮೆ ಕೇಳಿ ಬರುವುದು ನಮ್ಮಲ್ಲಿ ರೂಢಿ. ನೆಂಟರ ಮನೆಗಳೆಲ್ಲ ಮುಗಿದ ಮೇಲೆ ಒಂದು ದಿನ "ನಾಳೆ ಘಟ್ಟಕ್ಕೆ ಹೋಗುವ, ನೀನೂ ಬಾ" ಎಂದರು. ಬಸ್ಸಿನಲ್ಲಿ ಹೋದೆವು. ಆ ಯುವಕನಿಗೆ ಆಗಲೇ ಮದುವೆಯಾಗಿ, ಚಿಕ್ಕ ದಿನಸಿ ಅಂಗಡಿ ಇಟ್ಟಿದ್ದ. ಗುರುತು ಹಿಡಿದು ಕೂರಿಸಿ, ಕಾಫಿ ತರಿಸಿದ.

"ಗಾಡಿ ಏನು ಮಾಡಿದೆ?" ಎಂದು ಮಾವ ಕೇಳಿದರು.

"ರಿಪೇರಿ ಮಾಡಿಸಿ ಎರಡು ವರ್ಷ ಓಡಿಸಿದೆ ಸಾಬ್ರೇ. ಆಮೇಲೆ ತೋಟದವರಿಗೆ ಕೊಟ್ಟೆ. ಎಂಜಿನ್ನು ಬೇರೆ, ಕಾಗದ ಬೇರೆ ಅಂತ ಹೇಳಿಯೇ ಕೊಟ್ಟೆ. ಎಂಟು ಸಾವಿರ ಕಮ್ಮಿಗೆ ಹೋಯ್ತು."

ಮಾವ ಜುಬ್ಬಾದ ಒಳಜೇಬಿನಿಂದ ಹಣ ತೆಗೆದು ಎಂಟು ಸಾವಿರ ಎಣಿಸಿ ಮೇಜಿನ ಮೇಲಿಟ್ಟರು. ಅವನು ಬೇಡವೆಂದ. ಮಾವ ಕೈ ಹಿಂದೆ ತೆಗೆಯಲಿಲ್ಲ. ಕೊನೆಗೆ ತೆಗೆದುಕೊಂಡ. ಆಮೇಲೆ ಮಾವ ಕಾಲು ಮುರಿದ ಹುಡುಗನ ಬಗ್ಗೆ ಕೇಳಿದರು. ಅವನು ಬಯಲುಸೀಮೆ ಕಡೆಯಿಂದ ಕೂಲಿಗೆ ಬಂದವನಂತೆ. ಆಸ್ಪತ್ರೆಯಿಂದ ಊರಿಗೆ ಹೋದವನು ತಿರುಗಿ ಬರಲಿಲ್ಲ. ಯಾವ ಊರು ಎಂದು ಅವನಿಗೂ ಗೊತ್ತಿರಲಿಲ್ಲ. ಕಾಫಿ ಎಸ್ಟೇಟಿನಲ್ಲಿ ಯಾರಿಗಾದರೂ ಗೊತ್ತಿರಬಹುದೇ ಎಂದು ಮಾವ ಕೇಳಿದರು. ಸಂಜೆಯವರೆಗೆ ಎರಡು ಎಸ್ಟೇಟುಗಳ ಲೈನ್ ಮನೆಗಳಲ್ಲಿ ವಿಚಾರಿಸಿ, ಕೊನೆಯ ಬಸ್ಸಿಗೆ ಘಾಟಿ ಇಳಿದೆವು.