ಕಾವಲುಗಾರನ ಕೂಗು

ಕಾಲಿಗೆ ಮುಳ್ಳು ಹೊಕ್ಕಾಗ ನೋವು ಕಾವಲುಗಾರನಂತೆ ಕೂಗಿ ಎಚ್ಚರಿಸುವುದು. ಆ ಕೂಗಿಗೆ ಓಗೊಟ್ಟು ನಿಲ್ಲುವುದೇ ವಿವೇಕ. ಆದರೆ ಗಾಯ ಮಾಗಿದ ಮೇಲೂ ಕಾವಲುಗಾರನು ಕೂಗುತ್ತಲೇ ಇದ್ದರೆ? 3 ತಿಂಗಳು ಮೀರಿಯೂ ಉಳಿದ ನೋವನ್ನು ವೈದ್ಯರು ದೀರ್ಘಕಾಲದ ನೋವೆಂದು ಕರೆಯುವರು. ಸೊಂಟನೋವಿನಿಂದ ನರಳುವವನು ಬಾಗಲು ಅಂಜಿ ಮಲಗುವನು. ಮಲಗಿದಷ್ಟೂ ಸ್ನಾಯುಗಳು ಸೊರಗುವುವು, ಕೀಲುಗಳು ಬಿಗಿಯುವುವು. ನಿನ್ನೆ ಸುಲಭವಾಗಿದ್ದ ಕೆಲಸವೇ ಇಂದು ನೋಯಿಸುವುದು. ಅವನೆದುರು ನಿಂತು “ಏಳು, ನಡೆ” ಎನ್ನುವ ಅಧಿಕಾರ, ಆ ನೋವನ್ನು ಉಣ್ಣದ ಇನ್ನೊಬ್ಬನಿಗೆ ಉಂಟೆ?

ಉಂಟೆನ್ನುವವರಲ್ಲಿ ಹಲವರು ಒಂದು ಸುಲಭವಾದ ಅನ್ಯಾಯವನ್ನು ಮಾಡುವರು. ಕ್ಷ-ಕಿರಣದ ಚಿತ್ರದಲ್ಲಿ ಏನೂ ಕಾಣಲಿಲ್ಲವೆಂದು ನೋವೇ ಸುಳ್ಳೆಂದುಬಿಡುವರು. (ಆರೋಗ್ಯವಂತನಿಗೆ ಪರರ ನೋವು ಎಂದಿಗೂ ಸ್ವಲ್ಪ ಅತಿಶಯೋಕ್ತಿಯಾಗಿಯೇ ತೋರುವುದಷ್ಟೆ!) ನೋವಿನ ಅಧ್ಯಯನಕ್ಕಾಗಿ ಇರುವ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ನೋವಿನ ಲಕ್ಷಣವನ್ನು ತಿದ್ದಿದಾಗ, ನೋವುಂಟೆಂದು ಒಬ್ಬನು ಹೇಳಿದರೆ ಆ ಮಾತನ್ನು ಗೌರವಿಸತಕ್ಕದ್ದೆಂದು ಸ್ಪಷ್ಟಪಡಿಸಿತು.

ಆದರೆ ಕಾವಲುಗಾರನನ್ನು ನಂಬುವುದು ಬೇರೆ, ಮನೆಯ ಯಜಮಾನಿಕೆಯನ್ನೇ ಅವನಿಗೆ ಒಪ್ಪಿಸುವುದು ಬೇರೆ. ಈ ಭೇದವನ್ನು ಚಿಕಿತ್ಸೆಯಲ್ಲಿ ಆಚರಣೆಗೆ ತಂದವರಲ್ಲಿ ಅಮೆರಿಕದ ಸಿಯಾಟಲ್ ನಗರದ ಮನಶ್ಶಾಸ್ತ್ರಜ್ಞ ವಿಲ್ಬರ್ಟ್ ಫೋರ್ಡೈಸ್ ಅವರು ಮುಖ್ಯರು. ಅವರ ಗ್ರಂಥವು 1976ರಲ್ಲಿ ಅಚ್ಚಾಯಿತು. ಅವರ ಕ್ರಮದಲ್ಲಿ ರೋಗಿಯು ಮೊದಲ ಕೆಲವು ಸಾರಿ ಸಾಕೆನಿಸುವವರೆಗೆ ವ್ಯಾಯಾಮ ಮಾಡುವನು. ಅದರಿಂದ ಅವನ ಶಕ್ತಿಯನ್ನು ಅಳೆದು, ಅದಕ್ಕಿಂತ ಕಡಮೆಯಾದ ಪ್ರಮಾಣದಿಂದ ತೊಡಗಿ, ಮೆಲ್ಲಮೆಲ್ಲನೆ ಏರಿಸುವರು. 10 ನಿಮಿಷ ನಡೆಯಬಲ್ಲವನು 8 ನಿಮಿಷಕ್ಕೇ ನಿಲ್ಲುವನು. ನೋವು ಬಂದಿತೆಂದು ವಿಶ್ರಾಂತಿಯಿಲ್ಲ. ಪ್ರಮಾಣ ಮುಗಿಯಿತೆಂದು ವಿಶ್ರಾಂತಿ. ಮೈ ಹಗುರವಾದ ದಿನ ಉತ್ಸಾಹದಿಂದ ಪ್ರಮಾಣವನ್ನು ಮೀರುವುದೂ ಸಲ್ಲದು. 8 ನಿಮಿಷವೆಂದು ಗೊತ್ತುಮಾಡಿದವನು 8ನೆಯ ನಿಮಿಷಕ್ಕೆ ತಾನೇ ಕುರ್ಚಿಯನ್ನು ತಂದಿಡುವುದಾದರೆ, “ನಡೆ” ಎನ್ನುವ ಅಧಿಕಾರ ಅವನಿಗೆ ಉಂಟು.

ಆದರೂ ಇಲ್ಲಿ ಕ್ರೌರ್ಯ ನುಸುಳಲು ಎಡೆಯಿದೆ. ದೀರ್ಘಕಾಲದ ಸೊಂಟನೋವಿನ 249 ಪ್ರಯೋಗಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ಕಾಕ್ರೇನ್ ಪರಿಶೀಲನೆಯಲ್ಲಿ, ವ್ಯಾಯಾಮದಿಂದ ನೋವು ತಗ್ಗುವುದೆಂದೂ ಕೆಲಸದ ಶಕ್ತಿಯಲ್ಲಿ ಆಗುವ ಏಳಿಗೆ ಅಲ್ಪವೆಂದೂ ಕಂಡುಬಂದಿತು. ಹೀಗಿರಲು, ಮಾಡಿಯೂ ಗುಣಕಾಣದವನನ್ನು ಸೋಮಾರಿಯೆಂದು ಜರೆಯುವುದು ಅವನ ನೋವಿಗೆ ಅವಮಾನವನ್ನೂ ಕೂಡಿಸಿದಂತೆ.

ಮತ್ತೆ, ಕಾವಲುಗಾರನು ಹೊಸ ಕಳ್ಳನನ್ನು ಕಂಡೇ ಕೂಗಿರಲೂಬಹುದು. ಕಾಲು ಶಕ್ತಿಗುಂದಿದರೆ, ಮೂತ್ರದ ಹಿಡಿತ ತಪ್ಪಿದರೆ, ಜ್ವರ ಕೂಡಿಕೊಂಡರೆ, ಆ ದಿನ ನಿಮಿಷಗಳ ಎಣಿಕೆಯನ್ನು ಬದಿಗಿಟ್ಟು ವೈದ್ಯರ ಬಳಿಗೆ ಹೋಗತಕ್ಕದ್ದು.