ಅಮ್ಮನ ಹಾಸಿಗೆಯ ಹತ್ತಿರ ಬಂದವರು

ಸಭೆಯಲ್ಲಿ ಮೈಕ್ ಸಿಕ್ಕಿದರೆ ನಾನೂ ಹೇಳ್ತಿದ್ದೆ, ‘ಸೇವೆ ಮಾಡುವ ಕೈಗೆ ಜಾತಿ ಇಲ್ಲ, ಭಾಷೆ ಇಲ್ಲ, ಎಲ್ಲ ಕೈಯೂ ಒಂದೇ’ ಅಂತ. ಕೇಳಲಿಕ್ಕೆ ಚಂದವೇ. ಆದರೆ ಅಮ್ಮ ಎರಡು ವರ್ಷ ಹಾಸಿಗೆ ಹಿಡಿದ ಮೇಲೆ ಆ ಮಾತಿನ ಮೇಲೆ ನನಗೆ ಸಂಶಯ ಬಂದಿದೆ. ಎಲ್ಲ ಕೈಯೂ ಒಂದೇ ಆಗಿದ್ದರೆ ನಮ್ಮ ಮನೆಯವರ ಕೈಯೇ ಸಾಕಿತ್ತು.

ಪಾರ್ಶ್ವವಾಯು ಬಡಿದು ಅಮ್ಮನ ಬಲಭಾಗ ಬಿದ್ದುಹೋಯಿತು, ಮಾತು ತೊದಲಿತು. ಪಂಚಾಯತಿನ ಪಾಲಿಯೇಟಿವ್ ನರ್ಸ್ ಬರಲಿಕ್ಕೆ ಸುರು ಮಾಡಿದರು. ಕೇರಳದಲ್ಲಿ ಈ ಕೆಲಸ 1993ರಲ್ಲಿ ಕೋಝಿಕ್ಕೋಡಿನಲ್ಲಿ ಮೊದಲಾಯಿತು, 2008ರಲ್ಲಿ ಸರಕಾರ ಅದಕ್ಕೊಂದು ನೀತಿಯನ್ನೇ ಮಾಡಿತು. ಹಾಗಾಗಿ ನಮ್ಮಂಥ ಮೂಲೆ ಮನೆಗೂ ನರ್ಸ್ ಬರುವುದು. ಅವರು ಕಣ್ಣೂರು ಕಡೆಯವರು. ಅವರ ಮಲಯಾಳ ಅಮ್ಮನಿಗೆ ತಿಳಿಯದು. ಆದರೆ ಬೆನ್ನಿನ ಹುಣ್ಣು ನೋಡಿದ ಕೂಡಲೇ ನಮ್ಮ ತಪ್ಪು ಅವರಿಗೆ ಗೊತ್ತಾಯಿತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಕಲಿಸಿಕೊಟ್ಟರು. ಗಾಳಿ ಹಾಸಿಗೆ ತಂದವ ಸ್ವಯಂಸೇವಕ, ಒಬ್ಬ ಬ್ಯಾರಿ ಹುಡುಗ. ಎತ್ತಿ ಮಲಗಿಸುವಾಗ ಅಮ್ಮ ಮುಖ ಆಚೆ ತಿರುಗಿಸಿದರು. ಅವ ನೋಡಿಯೂ ನೋಡದ ಹಾಗೆ ತನ್ನ ಕೆಲಸ ಮಾಡಿದ.

ದಿನಾ ಬಂದು ಮೀಯಿಸಿ, ಬಟ್ಟೆ ಬದಲಿಸಿ, ಮಲ ಮೂತ್ರ ತೆಗೆಯುತ್ತಿದ್ದವಳು ಗುಡ್ಡೆಯ ಆಚೆಯ ಕಾಲನಿಯ ಹೆಂಗಸು. ಅವಳ ಹಿರಿಯರು ನಮ್ಮ ಅಂಗಳದ ಆಚೆಯೇ ನಿಲ್ಲುತ್ತಿದ್ದವರು. ನರ್ಸನ್ನು ‘ಅವರು’ ಅಂತ ಬರೆದೆ, ಇವಳನ್ನು ‘ಅವಳು’ ಅಂತ. ಬರೆದ ಮೇಲೆ ಕಂಡಿತು. ತಿದ್ದಲಿಲ್ಲ, ಓದುವವರೂ ನೋಡಲಿ. ಇನ್ನು ‘ಅವರು’ ಅಂತಲೇ ಬರೆಯುತ್ತೇನೆ.

ಅಮ್ಮ ‘ಬಾ... ಲ್’ ಅನ್ನುತ್ತಿದ್ದರು. ಬಾಗಿಲು ಅಂತ ನಾವು ತಿಳಿದದ್ದು. ತೆರೆದೆವು, ಮುಚ್ಚಿದೆವು, ಕಿಟಕಿಯನ್ನೂ ತೆರೆದೆವು. ಅಮ್ಮ ಅಳುತ್ತಿದ್ದರು. ಈ ಹೆಂಗಸು ಬಂದ ಎರಡನೇ ದಿನವೇ ‘ಬಾಜೆಲಾ ಅಮ್ಮಾ? ನೀರ್ ಬೋಡಾ?’ ಅಂತ ಕೇಳಿದರು. ಬಾಜೆಲ್ ಅಂದರೆ ತುಳುವಿನಲ್ಲಿ ಬಾಯಾರಿಕೆ. ಅಮ್ಮನ ತವರಿನ ಮಾತು ತುಳು, ನಮ್ಮ ಮನೆಯದು ಕನ್ನಡ. ನನಗೂ ತುಳು ಬರುತ್ತದೆ, ಪಾಡ್ದನ ಹಾಡುವವ ನಾನು! ಆದರೂ ಅರುವತ್ತು ವರ್ಷದ ಹಿಂದಿನ ಮಾತಿಗೆ ಅಮ್ಮ ಹಿಂದೆ ಹೋಗಿರಬಹುದು ಅಂತ ಹೊಳೆಯಲಿಲ್ಲ.

ಮೈ ಒರೆಸುವಾಗ ಅವರು ಹಾಡುತ್ತಿದ್ದರು. ಮಾತು ಹೊರಡದ ಅಮ್ಮ ಅದಕ್ಕೆ ದನಿ ಸೇರಿಸುತ್ತಿದ್ದರು. ಆ ಹಾಡು ನಮ್ಮ ಗದ್ದೆಯಲ್ಲಿ ನೇಜಿ ನೆಡುವಾಗ ಅವರ ತಾಯಿ ಹೇಳುತ್ತಿದ್ದ ಹಾಡು. ನಾನು ಕಲಿತದ್ದೂ ಅಲ್ಲಿಯೇ, ಗದ್ದೆಯ ಹುಣಿಯಲ್ಲಿ ನಿಂತು. ಶಾಲು ಹೊದೆಸಿದ್ದು ನನಗೆ.

ಅಂದರೆ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಇತ್ತು. ಮೂವರೂ ನಮ್ಮವರೇ ಆಗಿದ್ದರೆ ಅಮ್ಮ ಬೇಗ ಹೋಗುತ್ತಿದ್ದರು. ಇಷ್ಟು ಒಪ್ಪುವುದು ಸುಲಭ. ಕಷ್ಟ ಇರುವುದು ಸಂಬಳದಲ್ಲಿ. ಅಡಿಕೆ ತೆಗೆಯುವವ ಕೇಳಿದಷ್ಟು ಕೊಟ್ಟವ ನಾನು, ಇವರ ಹತ್ತಿರ ಚೌಕಾಸಿ ಮಾಡಿದೆ. ಮರದಿಂದ ಬಿದ್ದರೆ ಜೀವ ಹೋಗುತ್ತದೆ, ಅದಕ್ಕೆ ಅವನಿಗೆ ಜಾಸ್ತಿ ಅಂತ ನ್ಯಾಯ ಹೇಳಬಹುದು. ಆದರೆ ನಾನು ಚೌಕಾಸಿ ಮಾಡುವಾಗ ಆ ನ್ಯಾಯ ನನ್ನ ತಲೆಯಲ್ಲಿ ಇರಲಿಲ್ಲ. ಹೆಂಗಸಿನ ಕೆಲಸ, ಅದರಲ್ಲೂ ಅವರಿಗೆ ಇಷ್ಟು ಸಾಕು ಅಂತ ಇತ್ತು. ಹಾಸಿಗೆ ಹಿಡಿದವರನ್ನು ಮನೆಯಲ್ಲೇ ಕೂತು ನೋಡಿಕೊಳ್ಳುವವರಿಗೆ ‘ಆಶ್ವಾಸಕಿರಣಂ’ ಯೋಜನೆಯಲ್ಲಿ ಇಟ್ಟದ್ದು ತಿಂಗಳಿಗೆ 600 ರೂಪಾಯಿ. ಅಷ್ಟಕ್ಕೆ ಅಡಿಕೆಯವ ಒಂದು ದಿನಕ್ಕೂ ಬರಲಾರ. ಕೈ ಬೇರೆ ಬೇರೆ ಇರಲಿ ಎನ್ನುವ ನಾವು ಬೆಲೆ ಕಟ್ಟುವಾಗ ಹಳೆಯ ಅಂಗಳದ ಲೆಕ್ಕವನ್ನೇ ಹಿಡಿಯುತ್ತೇವಾ?

ಅಮ್ಮನ ಬೊಜ್ಜದ ಊಟಕ್ಕೆ ಅವರನ್ನು ಕರೆದೆ. ಬಂದು ಅಂಗಳದಲ್ಲೇ ನಿಂತರು. ‘ಒಳಗೆ ಬನ್ನಿ’ ಅಂದೆ.

‘ಅಮ್ಮ ಇರುವಾಗ ಒಳಗೇ ಇದ್ದೆನಲ್ಲ ಅಣ್ಣೆರೇ’ ಅಂದರು.

ಕಡೆಗೆ ಜಗಲಿಯಲ್ಲಿ ಕೂತು ಉಂಡರು. ನಾನೂ ಹತ್ತಿರ ಎಲೆ ಹಾಕಿಸಿ ಕೂರಬಹುದಿತ್ತು. ಬಡಿಸುವ ಗಡಿಬಿಡಿ ಉಂಟು ಅಂತ ನನಗೆ ನಾನೇ ಹೇಳಿಕೊಂಡು ಒಳಗೆ ಹೋದೆ.